ಖಾಲಿ ಬಿಟ್ಟ ಗಂಡನ ಹೆಸರು

ದೇವದುರ್ಗದ ಕಲೆಕ್ಷನ್ ಸೆಂಟರಿನವನು ಫೋನ್ ಮಾಡಿದಾಗಲೆಲ್ಲ ಮೊದಲ ಮಾತು ಒಂದೇ ಇರುತ್ತಿತ್ತು. "ಸರ, ಡಬ್ಬಿ ಬಂದದ್ರಿ."

ಡಬ್ಬಿ ಎಂದರೆ ಕಂಪ್ಯೂಟರ್ ಪರದೆಯ ನಡುವೆ ಎದ್ದು ಕೂರುವ ಎರರ್ ಸಂದೇಶ. ಅದು ಬಂತೆಂದರೆ ನಾನು ಬರೆದ ಪ್ರೋಗ್ರಾಂ ಅಲ್ಲಿಗೇ ನಿಲ್ಲುತ್ತಿತ್ತು. ರಕ್ತ ಪರೀಕ್ಷೆಯ ರಿಪೋರ್ಟುಗಳು ಅರ್ಧಕ್ಕೆ ಉಳಿಯುತ್ತಿದ್ದವು. ಸಂಜೆಯ ಬಸ್ಸು ಹಿಡಿದು ಹಳ್ಳಿಗೆ ಹೋಗಬೇಕಾದವರು ಸೆಂಟರಿನ ಬಾಗಿಲಲ್ಲಿ ನಿಂತು ಅವನನ್ನು ಬೈಯುತ್ತಿದ್ದರು. ಅವನು ನನ್ನನ್ನು ಬೈಯಲಾರದೆ ಮೇಲಿಂದ ಮೇಲೆ ಫೋನ್ ಮಾಡುತ್ತಿದ್ದ.

ಆ ಡಬ್ಬಿಯ ಬಾಯಿಯನ್ನು ನಾನು ಒಂದು ದಿನ ಮುಚ್ಚಿಸಿದೆ. ಅದರಿಂದ ಏನಾಯಿತೆಂದು ಇಲ್ಲಿ ಬರೆಯುತ್ತಿದ್ದೇನೆ. ಪ್ರೋಗ್ರಾಂ ಬರೆಯುವವರು ಓದಲಿ ಎಂಬುದು ಒಂದು ಕಾರಣ. ಹೇಳಬೇಕಾದ ದಿನ ನಾನು ಹೇಳಲಿಲ್ಲ ಎಂಬುದು ಇನ್ನೊಂದು.

ನಾನು ಎಸ್ಸೆಸ್ಸೆಲ್ಸಿಯವರೆಗೆ ಓದಿದವನು. ಟೈಪಿಂಗ್ ಕಲಿಸುವ ಕಡೆ ಕಂಪ್ಯೂಟರ್ ಬಂದಾಗ ಪುಸ್ತಕ ನೋಡಿ ಬೇಸಿಕ್ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವುದನ್ನು ಕಲಿತೆ. ಅಷ್ಟೇ ನನ್ನ ವಿದ್ಯೆ. ಆ ವಿದ್ಯೆಯಲ್ಲಿ ರಾಯಚೂರಿನ ಒಂದು ಖಾಸಗಿ ಲ್ಯಾಬಿಗೆ ರಿಪೋರ್ಟಿನ ಪ್ರೋಗ್ರಾಂ ಬರೆದುಕೊಟ್ಟಿದ್ದೆ. ದೇವದುರ್ಗ ಮತ್ತು ಮಾನ್ವಿಯಲ್ಲಿ ಅವರ ಎರಡು ಸೆಂಟರುಗಳಿದ್ದವು. ಬೆಳಿಗ್ಗೆ ಅಲ್ಲಿ ರಕ್ತ ತೆಗೆದು, ಟ್ಯೂಬುಗಳನ್ನು ಐಸ್ ಡಬ್ಬದಲ್ಲಿಟ್ಟು ಬಸ್ಸಿಗೆ ಹಾಕುತ್ತಿದ್ದರು. ಹೆಸರು, ವಯಸ್ಸು, ಗಂಡ ಅಥವಾ ತಂದೆಯ ಹೆಸರು, ಊರು, ಫೋನ್ ನಂಬರು, ಇವನ್ನು ಅಲ್ಲೇ ಟೈಪ್ ಮಾಡುತ್ತಿದ್ದರು. ಪರೀಕ್ಷೆ ರಾಯಚೂರಿನಲ್ಲಿ. ಸಂಜೆ ರಿಪೋರ್ಟು ಸೆಂಟರಿನ ಪ್ರಿಂಟರಿನಲ್ಲಿ ಹೊರಗೆ ಬರುತ್ತಿತ್ತು.

ಸಕ್ಕರೆ, ಹಿಮೋಗ್ಲೋಬಿನ್ ಮುಂತಾದವು ಯಂತ್ರದಿಂದ ಟ್ಯೂಬಿನ ನಂಬರಿನ ಮೇಲೆ ನೇರವಾಗಿ ಬರುತ್ತಿದ್ದವು. ರಕ್ತದ ಗುಂಪು ಮಾತ್ರ ಕೈಕೆಲಸ. ಟೆಕ್ನಿಷಿಯನ್ ಮೇಡಮ್ ಬಿಳಿ ಟೈಲಿನ ಮೇಲೆ ರಕ್ತದ ಹನಿಗಳನ್ನಿಟ್ಟು, ಅವಕ್ಕೆ ಔಷಧದ ಹನಿ ಬೆರೆಸಿ, ಯಾವುದು ಗಟ್ಟಿ ಕಟ್ಟುತ್ತದೆ ಎಂದು ನೋಡಿ ರಿಜಿಸ್ಟರಿನಲ್ಲಿ ಬರೆಯುತ್ತಿದ್ದರು, ಆಮೇಲೆ ಟೈಪ್ ಮಾಡುತ್ತಿದ್ದರು. ಈ ಭಾಗವನ್ನು ನಾನು ತಡವಾಗಿ ಜೋಡಿಸಿದ್ದೆ. ರಿಜಿಸ್ಟರಿನಲ್ಲಿ ಟ್ಯೂಬಿನ ನಂಬರು ಬರೆಯುವ ರೂಢಿ ಇರಲಿಲ್ಲ, ಹೆಸರು ಬರೆಯುತ್ತಿದ್ದರು. ನಮ್ಮ ಕಡೆ ಒಂದೇ ದಿನ ಮೂವರು ಹನುಮಮ್ಮ, ಇಬ್ಬರು ಅಮರಮ್ಮ ಬರುತ್ತಾರೆ. ಅದಕ್ಕೆ ಹೆಂಗಸಿನ ಹೆಸರು ಮತ್ತು ಗಂಡನ ಹೆಸರು ಎರಡನ್ನೂ ಕೂಡಿಸಿ ಒಂದು ಗುರುತು ಮಾಡಿ, ಆ ಗುರುತಿನಿಂದ ಗುಂಪನ್ನು ಹುಡುಕುವಂತೆ ಬರೆದೆ. ಇದು ಜಾಣತನ ಎಂದುಕೊಂಡಿದ್ದೆ.

ಆದರೆ ನಮ್ಮ ಹಳ್ಳಿಗಳ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ಕೇಳಿದರೆ ನಗುತ್ತಾರೆ, ಸೆರಗು ಬಾಯಿಗೆ ಹಿಡಿಯುತ್ತಾರೆ, ಪಕ್ಕದವರ ಕಡೆ ನೋಡುತ್ತಾರೆ. ಪಕ್ಕದವರು ಹೇಳಬೇಕು. ಒಬ್ಬಳೇ ಬಂದಿದ್ದರೆ ಆ ಜಾಗ ಖಾಲಿ. ಖಾಲಿ ಇದ್ದರೆ ನನ್ನ ಗುರುತು ಕೂಡುತ್ತಿರಲಿಲ್ಲ, ಡಬ್ಬಿ ಬರುತ್ತಿತ್ತು. ಆಗ ಸೆಂಟರಿನವನು ಹೊರಗೆ ಹೋಗಿ, ಅದೇ ಊರಿನವರು ಯಾರಾದರೂ ಇದ್ದಾರೆಯೇ ಎಂದು ವಿಚಾರಿಸಿ, ಹೆಸರು ತುಂಬಿ ಮುಂದೆ ಸಾಗುತ್ತಿದ್ದ. ಬೈಸಿಕೊಳ್ಳುತ್ತ ಅವನು ಮಾಡುತ್ತಿದ್ದ ಈ ಕೆಲಸವೇ ಇಡೀ ವ್ಯವಸ್ಥೆಯನ್ನು ಸರಿಯಾಗಿ ಇಟ್ಟಿತ್ತು ಎಂದು ನನಗೆ ಹೊಳೆಯಲಿಲ್ಲ.

ದೀಪಾವಳಿ ಮುಗಿದ ವಾರ ಒಂದೇ ಮಧ್ಯಾಹ್ನ ಅವನಿಂದ ಆರು ಫೋನ್ ಬಂದವು. ನಾನು ಲ್ಯಾಬಿಗೆ ಹೋಗಿ, ಕೆಲಸ ನಡೆಯುತ್ತಿದ್ದ ಕಂಪ್ಯೂಟರಿನಲ್ಲೇ ಪ್ರೋಗ್ರಾಂ ತೆರೆದು, ಒಂದು ಸಾಲು ಸೇರಿಸಿದೆ. ತಪ್ಪು ಬಂದರೆ ಅದನ್ನು ಬಿಟ್ಟು ಮುಂದಿನ ಸಾಲಿಗೆ ಹೋಗು ಎಂಬ ಅರ್ಥದ ಸಾಲು. ಬೇಸಿಕ್ ಬಲ್ಲವರಿಗೆ ಆ ಸಾಲು ಗೊತ್ತು. ಡಬ್ಬಿ ನಿಂತಿತು. ಎರಡು ದಿನದ ಮೇಲೆ, ಒಮ್ಮೊಮ್ಮೆ ಗುಂಪಿನ ಜಾಗ ಖಾಲಿ ಬರುತ್ತದೆಂದು ಅವನು ಹೇಳಿದ. ಮೇಡಮ್ಮಿಗೆ ಕೇಳಿ ಪೆನ್ನಿನಲ್ಲಿ ಬರಿ ಎಂದೆ. ಯಾಕೆ ಖಾಲಿ ಬರುತ್ತದೆ ಎಂದು ನಾನು ನೋಡಲಿಲ್ಲ.

ನೋಡಿದ್ದರೆ ಅಂದೇ ಸಿಗುತ್ತಿತ್ತು. ಸಾಲಿನಲ್ಲಿ ಮೊದಲನೆಯವಳೇ ಗಂಡನ ಹೆಸರಿಲ್ಲದವಳಾದರೆ ಗುಂಪು ಖಾಲಿ ಬರುತ್ತಿತ್ತು. ಎರಡನೆಯವಳೋ ಮೂರನೆಯವಳೋ ಆದರೆ ಖಾಲಿ ಬರುತ್ತಿರಲಿಲ್ಲ. ಗುರುತು ಕೂಡಿಸುವ ಸಾಲನ್ನು ಪ್ರೋಗ್ರಾಂ ಹಾರಿಬಿಡುತ್ತಿತ್ತು, ಹಿಂದಿನ ಹೆಂಗಸಿನ ಗುರುತು ಅಲ್ಲೇ ಉಳಿದಿರುತ್ತಿತ್ತು, ಅದೇ ಗುರುತಿನಿಂದ ಗುಂಪು ಹುಡುಕುತ್ತಿತ್ತು. ಮೇಲೆ ಇವಳ ಹೆಸರು, ಕೆಳಗೆ ಹಿಂದಿನವಳ ರಕ್ತದ ಗುಂಪು. ನೋಡಲು ಎಲ್ಲ ಸರಿಯಾಗಿರುವ ರಿಪೋರ್ಟು.

ನಾಲ್ಕು ತಿಂಗಳು ಯಾರಿಗೂ ಗೊತ್ತಾಗಲಿಲ್ಲ. ಡಬ್ಬಿ ಬಾರದ್ದಕ್ಕೆ ಎಲ್ಲರೂ ನನ್ನನ್ನು ಹೊಗಳಿದರು.

ಶಿವರಾತ್ರಿ ಆದ ಮೇಲೆ ಒಂದು ಸೋಮವಾರ ಬೆಳಿಗ್ಗೆ ನಾನು ಲ್ಯಾಬಿನಲ್ಲಿ ಪ್ರಿಂಟರಿನ ಕೆಲಸಕ್ಕೆ ಬಂದಿದ್ದೆ. ಟೆಕ್ನಿಷಿಯನ್ ಮೇಡಮ್ ನಲವತ್ತರ ಆಸುಪಾಸಿನವರು, ನನ್ನನ್ನು ಕಾಕಾ ಎನ್ನುತ್ತಾರೆ. ಅವರಿಗೊಂದು ಅಭ್ಯಾಸ. ರಿಜಿಸ್ಟರಿನಲ್ಲಿ ನೆಗೆಟಿವ್ ಗುಂಪುಗಳನ್ನು ಕೆಂಪು ಶಾಯಿಯಲ್ಲಿ ಬರೆಯುತ್ತಿದ್ದರು. ಯಾರೂ ಹೇಳಿಕೊಟ್ಟದ್ದಲ್ಲ, ತಾವೇ ಮಾಡಿಕೊಂಡದ್ದು.

"ಕಾಕಾ, ಸ್ವಲ್ಪ ಇಲ್ಲಿ ಬರ್ರಿ. ಶನಿವಾರದ್ದು ಇದು, ಕೆಂಪು ಪೆನ್ನಿಲೆ ಬರ್ದೀನಿ. ರಿಪೋರ್ಟಿನಾಗ ಪಾಸಿಟಿವ್ ಅಂತ ಬಂದದ. ಹ್ಯಾಂಗ್ರಿ?"

ನಾನು ಕಾಗದ ನೋಡುವ ಮೊದಲೇ ಉತ್ತರ ಕೊಟ್ಟೆ. "ಟೈಪ್ ಮಾಡೂವಾಗ ಕೈ ತಪ್ಪಿರಬೇಕವ್ವಾ."

"ನನ್ನ ಕೈ?"

"ದಿನಾ ಎಷ್ಟ್ ಬರೀತೀರಿ ನೀವು. ಒಂದ್ ಹೆಚ್ಚುಕಮ್ಮಿ ಆಗತದ."

ಅವರು ರಿಜಿಸ್ಟರನ್ನೇ ನೋಡುತ್ತ ನಿಂತರು. "ಆಗಿರಬೌದ್ರಿ. ಶನಿವಾರ ಮನ್ಯಾಗ ನಮ್ಮ ಅತ್ತಿಗಿ ಆರಾಮ ಇದ್ದಿಲ್ಲ. ಲಕ್ಷ್ಯ ಅಲ್ಲೇ ಇತ್ತು." ಆ ಒಂದು ರಿಪೋರ್ಟನ್ನು ಅವರೇ ಫೋನ್ ಮಾಡಿ ಸರಿಪಡಿಸಿದರು. ಸೆಂಟರಿನವನ ಹತ್ತಿರ ಕ್ಷಮೆಯನ್ನೂ ಕೇಳಿದರು.

ಅವರು ಒಳಗೆ ಹೋದ ಮೇಲೆ ಕಂಪ್ಯೂಟರಿನಲ್ಲಿ ನೋಡಿದೆ. ಅವರು ಸರಿಯಾಗಿಯೇ ಟೈಪ್ ಮಾಡಿದ್ದರು. ಗಂಡನ ಹೆಸರಿನ ಜಾಗ ಖಾಲಿ ಇತ್ತು. ಸುಳ್ಳು ಹೆಸರುಗಳನ್ನು ಹಾಕಿ ನೋಡಿದೆ: ಮೊದಲನೆಯವಳಿಗೆ ಗಂಡನ ಹೆಸರುಂಟು, ಎರಡನೆಯವಳಿಗಿಲ್ಲ. ಎರಡನೆಯವಳಿಗೆ ಮೊದಲನೆಯವಳ ಗುಂಪು ಬಂತು. ಹೆಸರು ಬದಲಿಸಿ ಮತ್ತೊಮ್ಮೆ ಮಾಡಿದೆ. ಮತ್ತೆ ಅದೇ.

ಆಗ ಮಧ್ಯಾಹ್ನ ಹನ್ನೆರಡು ಗಂಟೆ. ಬಾಗಿಲಾಚೆ ಮೇಡಮ್ ಇದ್ದರು, ಪಕ್ಕದ ಕೋಣೆಯಲ್ಲಿ ಲ್ಯಾಬಿನ ಡಾಕ್ಟರ್ ಇದ್ದರು. ಎದ್ದು ಹೋಗಿ ಹೇಳಲು ಹತ್ತು ಹೆಜ್ಜೆ. ನಾನು ಎದ್ದೇಳಲಿಲ್ಲ. ಖಾಲಿ ಜಾಗ ಬಂದರೆ ಅಡ್ಡಗೆರೆ ಹಾಕಿಕೊಳ್ಳುವಂತೆ ಒಂದು ಸಾಲು ಬರೆದೆ, ಹಳೆಯ ಫೈಲಿನ ಮೇಲೆಯೇ ಹೊಸದನ್ನು ಉಳಿಸಿದೆ, ಸುಳ್ಳು ಹೆಸರುಗಳನ್ನು ಅಳಿಸಿದೆ, ಕೈ ತೊಳೆದುಕೊಂಡು ಮನೆಗೆ ಬಂದೆ. ಇನ್ನು ಮುಂದೆ ತಪ್ಪಾಗುವುದಿಲ್ಲ, ಮುಗಿಯಿತು ಎಂದುಕೊಂಡೆ. ಹಿಂದಿನ ನಾಲ್ಕು ತಿಂಗಳನ್ನು ನೆನಪಿಗೆ ತಂದುಕೊಳ್ಳಲಿಲ್ಲ.

ಮಂಗಳವಾರ ಅದು ತಾನೇ ಬಂತು. ಯಾವ ಕೆಲಸಕ್ಕೆ ಕೂತರೂ ಲೆಕ್ಕ ಅಲ್ಲಿಗೇ ಹೋಗುತ್ತಿತ್ತು. ರಕ್ತದ ಗುಂಪು ಯಾರು ಮಾಡಿಸುತ್ತಾರೆ? ಹೆಚ್ಚಾಗಿ ಬಸುರಿಯರು. ಗಂಡನ ಹೆಸರು ಯಾರು ಹೇಳುವುದಿಲ್ಲ? ಅವರೇ. ಆದರೂ ಸಮಾಧಾನಕ್ಕೊಂದು ದಾರಿ ಇತ್ತು. ರಕ್ತ ಹಾಕುವ ಮೊದಲು ಯಾವ ದವಾಖಾನೆಯಾದರೂ ಇನ್ನೊಮ್ಮೆ ಗುಂಪು ನೋಡುತ್ತದೆ. ಹಾಗಿದ್ದ ಮೇಲೆ ಒಂದು ಕಾಗದದಲ್ಲಿ ತಪ್ಪಿದ್ದರೆ ಯಾರ ಜೀವ ಹೋಗುತ್ತದೆ? ಈ ಮಾತನ್ನು ಆ ದಿನ ನನಗೆ ನಾನು ಹಲವು ಸಲ ಹೇಳಿಕೊಂಡೆ.

ಬುಧವಾರ ಬೆಳಿಗ್ಗೆ ಹತ್ತಕ್ಕೆ ಲ್ಯಾಬಿಗೆ ಹೋದೆ. ಮೇಡಮ್ ಚಹಾ ಕೊಟ್ಟರು.

"ಮೇಡಮ್, ಸುಮ್ಮ ಕೇಳ್ತೀನಿ. ನೆಗೆಟಿವ್ ಇದ್ದಾಕಿಗೆ ಪಾಸಿಟಿವ್ ಅಂತ ರಿಪೋರ್ಟ್ ಹೋದ್ರ ಏನಾಗತದ? ರಕ್ತ ಹಾಕೂ ಮುಂದ ಮತ್ತ ನೋಡೇ ನೋಡ್ತಾರಲ್ಲ?"

"ರಕ್ತದ್ದು ಬಿಡ್ರಿ, ಅದು ಮತ್ತ ನೋಡ್ತಾರ. ಬಸುರಿದ್ದಾಕಿದು ಅದ ನೋಡ್ರಿ ಭಾರಿ ಕೆಲಸ. ತಾಯಿ ನೆಗೆಟಿವ್, ಹೊಟ್ಟ್ಯಾಗಿನ ಕೂಸು ಪಾಸಿಟಿವ್ ಇತ್ತಂದ್ರ, ಹಡಿಯೂವಾಗ ಕೂಸಿನ ರಕ್ತ ತಾಯಿಗೆ ಸೇರ್ತದ. ತಾಯಿ ಮೈಯಾಗ ಅದರ ಮ್ಯಾಲ ವೈರ ಹುಟ್ಟತದ. ಈ ಕೂಸಿಗೆ ಏನಾಗಂಗಿಲ್ಲ. ಮುಂದಿನ ಕೂಸಿನ್ನ ಹೊಟ್ಟ್ಯಾಗ ಇದ್ದಾಗನ ಕೆಡಸ್ತದ."

"ಅದಕ್ಕ ಏನೂ ಔಷಧ ಇಲ್ಲೇನು?"

"ಯಾಕಿಲ್ಲ, ಅದ. ಹಡದ ಮೂರು ದಿನದಾಗ ಒಂದ ಸೂಜಿ ಮಾಡಿದ್ರ ಆತು. ವೈರ ಹುಟ್ಟೂದೇ ಇಲ್ಲ. ರಿಪೋರ್ಟಿನಾಗ ನೆಗೆಟಿವ್ ಅಂತ ಇದ್ರ ತಾವೇ ಮಾಡ್ತಾರ."

"ಮೂರು ದಿನ ಅಂದ್ರ?"

"ಎಪ್ಪತ್ತೆರಡು ತಾಸು." ಅವರು ನನ್ನ ಮುಖ ನೋಡಿದರು. "ಯಾಕ್ರಿ ಕಾಕಾ?"

ಆಗಲೂ ನನ್ನ ಮುಂದೆ ಎರಡು ದಾರಿಗಳಿದ್ದವು. ಅವರು ಊಟಕ್ಕೆ ಹೋದಾಗ ರಿಜಿಸ್ಟರನ್ನು ನಾನೊಬ್ಬನೇ ತಿರುವಿ, ಯಾರಿಗೂ ತಿಳಿಯದಂತೆ ಹುಡುಕಬಹುದಿತ್ತು. ನಿಜ ಹೇಳಬೇಕೆಂದರೆ ಮೊದಲು ಮನಸ್ಸು ಹೋದದ್ದು ಅತ್ತಲೇ. ಆದರೆ ಅಷ್ಟೂ ಪುಟಗಳನ್ನು ನೋಡಲು ನನಗೊಬ್ಬನಿಗೆ ಎರಡು ದಿನ ಬೇಕು. ಎಲ್ಲೋ ಒಬ್ಬಳು ಈಗಾಗಲೇ ಹೆತ್ತಿದ್ದರೆ ಆ ಎರಡು ದಿನ ಅವಳವು.

"ಸೋಮವಾರ ನಿಮ್ಮ ಕೈ ತಪ್ಪಿದ್ದಿಲ್ಲವ್ವಾ," ಎಂದೆ. "ತಪ್ಪಿದ್ದು ನಂದು. ಪ್ರೋಗ್ರಾಂದಾಗ ಅದ. ದೀಪಾವಳಿಯಿಂದ ಅದ."

"ಸೋಮವಾರನ ಗೊತ್ತಿತ್ತೇನ್ರಿ ನಿಮಗ?"

ಹೌದೆಂದು ತಲೆಯಾಡಿಸಿದೆ. ಅವರು ಕೈಯಲ್ಲಿದ್ದ ಕಪ್ಪನ್ನು ಇಟ್ಟು, ಡಾಕ್ಟರ ಕೋಣೆಯ ಬಾಗಿಲು ತಟ್ಟಿದರು.

ಡಾಕ್ಟರ್ ಕೂಗಾಡುವ ಮನುಷ್ಯರಲ್ಲ. ಒಂದೇ ಪ್ರಶ್ನೆ ಕೇಳಿದರು. "ಯಾವ ತಾರೀಖಿನಿಂದ?"

ಪ್ರೋಗ್ರಾಂ ಬದಲಿಸಿದಾಗ ಹಳೆಯ ಪ್ರತಿ ತೆಗೆದಿಟ್ಟಿರಲಿಲ್ಲ, ಏನು ಬದಲಿಸಿದೆ, ಎಂದು ಬದಲಿಸಿದೆ ಎಂದು ಎಲ್ಲೂ ಬರೆದಿರಲಿಲ್ಲ. ಇದ್ದ ಒಂದೇ ಫೈಲಿನ ಮೇಲೆ ಸೋಮವಾರ ನಾನೇ ಬರೆದಿದ್ದೆ, ಫೈಲಿನ ತಾರೀಖು ಈಗ ಸೋಮವಾರದ್ದು. ಕಳ್ಳನಂತೆ ಹೆಜ್ಜೆಗುರುತು ಅಳಿಸಿದ್ದೆ, ಈಗ ನನಗೇ ದಾರಿ ತಿಳಿಯುತ್ತಿರಲಿಲ್ಲ. ಕೊನೆಗೆ ಫೋನು ತೆಗೆದು ದೇವದುರ್ಗದ ಸೆಂಟರಿನವನ ವಾಟ್ಸ್ಆಪ್ ಮೆಸೇಜುಗಳನ್ನು ಹಿಂದಕ್ಕೆ ಸರಿಸುತ್ತ ಹೋದೆ. ಒಂದು ಕಡೆ ಸಿಕ್ಕಿತು. "ಸರ ಈಗ ಡಬ್ಬಿ ಬರವಲ್ದು. ಬಾಳ ಚಲೋ ಆತ್ರಿ." ಕೆಳಗೆ ಎರಡು ಕೈ ಮುಗಿದ ಚಿತ್ರ. ಆ ಹೊಗಳಿಕೆಯ ತಾರೀಖೇ ನಮಗೆ ಬೇಕಾದ ತಾರೀಖು.

ಕಳಿಸಿದ ಪ್ರತಿಯೊಂದು ರಿಪೋರ್ಟಿನ ಪ್ರತಿ ಒಂದು ಫೋಲ್ಡರಿನಲ್ಲಿ ಉಳಿಯುತ್ತಿತ್ತು. ಜಾಗ ತುಂಬುತ್ತದೆಂದು ಅದನ್ನು ಅಳಿಸಲು ನಾನು ಎರಡು ಸಲ ಹೊರಟು ಮರೆತಿದ್ದೆ. ಆ ಮರೆವು ನಮ್ಮನ್ನು ಕಾಯಿತು. ಡಾಕ್ಟರ್ ಫೋಲ್ಡರಿನಿಂದ ಗಂಡನ ಹೆಸರಿಲ್ಲದ ರಿಪೋರ್ಟುಗಳನ್ನು ಓದುವುದು, ಮೇಡಮ್ ರಿಜಿಸ್ಟರಿನಲ್ಲಿ ಅದೇ ಹೆಸರು ಹುಡುಕಿ ಗುಂಪು ಹೇಳುವುದು, ನಾನು ಎರಡನ್ನೂ ಪಕ್ಕಪಕ್ಕ ಬರೆಯುವುದು. ಲ್ಯಾಬಿನ ಬೇರೆ ಕೆಲಸ ನಿಂತಿತು. ಬಂದವರನ್ನು ಹೊರಗೆ ಕೂರಿಸಿದರು.

ಎರಡೂವರೆಗೆ ಪಟ್ಟಿ ಮುಗಿಯಿತು. ಗುಂಪೇ ಖಾಲಿ ಬಂದವರನ್ನೂ ಆಗಲೇ ಸರಿಪಡಿಸಿದ ಶನಿವಾರದವಳನ್ನೂ ಬಿಟ್ಟರೆ ಖಾಲಿ ಹೆಸರಿನವರು ಮೂವತ್ತೊಂದು. ಹನ್ನೆರಡು ಮಂದಿಗೆ ಹಿಂದಿನವಳ ಗುಂಪೂ ತಮ್ಮ ಗುಂಪೂ ಒಂದೇ ಆಗಿ ಕಾಗದ ತಾನಾಗಿ ಸರಿಯಾಗಿತ್ತು. ಹತ್ತೊಂಬತ್ತು ತಪ್ಪು. ಅವುಗಳಲ್ಲಿ ಕೆಂಪು ಶಾಯಿಯವು ನಾಲ್ಕು.

ಆ ನಾಲ್ವರಿಗೆ ಮೊದಲು ಫೋನ್ ಮಾಡಿದೆವು. ಒಬ್ಬಳು ಬಸುರಿಯೇ ಅಲ್ಲ, ಆಪರೇಷನ್ನಿಗೆಂದು ಮಾಡಿಸಿದ್ದಳು, ಅಲ್ಲಿ ಮತ್ತೆ ನೋಡಿ ತಿದ್ದಿದ್ದರು. ಒಬ್ಬಳಿಗೆ ಇನ್ನೂ ಐದನೆಯ ತಿಂಗಳು. ಮೂರನೆಯವಳು ರಾಯಚೂರಿನಲ್ಲಿ ಹೆತ್ತಿದ್ದಳು, ಅಲ್ಲಿಯ ಡಾಕ್ಟರು ನಮ್ಮ ಕಾಗದ ನಂಬದೆ ತಾವೇ ಪರೀಕ್ಷೆ ಮಾಡಿ ಸೂಜಿ ಹಾಕಿದ್ದರು. ನಾಲ್ಕನೆಯವಳ ಫೋನ್ ಸ್ವಿಚ್ ಆಫ್. ಮತ್ತೆ ಮಾಡಿದೆವು, ಸ್ವಿಚ್ ಆಫ್. ಊರು ಜಾಲಹಳ್ಳಿಯಿಂದ ಮುಂದೆ. ಬಿ ನೆಗೆಟಿವ್. ನಮ್ಮ ಕಾಗದದಲ್ಲಿ ಓ ಪಾಸಿಟಿವ್. ಅವಳು ತಂದಿದ್ದ ಡಾಕ್ಟರ ಚೀಟಿಯಂತೆ ಮೊದಲ ಬಸುರು. ದಿನ ತುಂಬುವುದು ಇದೇ ತಿಂಗಳು.

"ನಾನು ಹೋಗ್ತೀನಿ," ಎಂದೆ.

ಮೂರರ ಬಸ್ಸಿಗೆ ದೇವದುರ್ಗಕ್ಕೆ ಹೊರಟೆ. ಎರಡು ತಾಸಿನ ಆ ದಾರಿಯಲ್ಲಿ ಇಪ್ಪತ್ತು ಸಲವಾದರೂ ಆ ನಂಬರಿಗೆ ಫೋನ್ ಮಾಡಿರಬೇಕು. ಅದೇ ಹೆಣ್ಣುದನಿ, ಅದೇ ಮಾತು. ಸೆಂಟರಿನವನು ಬೈಕು ಹಿಡಿದು ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದ. ಐವತ್ತು ದಾಟಿದವನು, ಮಾತುಗಾರ. ಅಂದು ಊರು ದಾಟಿದ ಮೇಲೆಯೇ ಮಾತು ತೆಗೆದ.

"ಸರ, ಒಂದು ಹೇಳ್ಲೇನು? ಡಬ್ಬಿ ಬರ್ತಿತ್ತಲ್ಲ, ಆವಾಗ ನಾ ಹೊರಗ ಹೋಗಿ ಕೇಳ್ತಿದ್ನಿ, ಈಕಿ ಗಂಡ ಯಾರಂತ. ನೀವು ಇನ್ನ ಬರಂಗಿಲ್ಲ ಅಂದ್ರಿ. ನಾ ಕೇಳೂದ ಬಿಟ್ಟೆರಿ."

"ನಿಂದೇನೂ ತಪ್ಪಿಲ್ಲ."

"ನಂದದ ಅಂತ ಎಲ್ಲಿ ಅಂದೆ? ನಿಮ್ದ ಅಂತ ಹೇಳಾಕತ್ತೀನಿ," ಎಂದ. ಬೈಕಿನ ವೇಗ ಹೆಚ್ಚಿಸಿದ.

ಊರು ಮುಟ್ಟಿದಾಗ ಆರೂವರೆ. ಮನೆ ಸಿಕ್ಕಿತು. ಅಂಗಳದಲ್ಲಿ ಹೆಣ್ಣುಮಗಳ ಅತ್ತೆ ಕುರಿಗಳಿಗೆ ನೀರು ಇಡುತ್ತಿದ್ದಳು.

"ಸೊಸಿ ಎಲ್ಲ್ಯವ್ವಾ?"

"ಹಡದಾಳ್ರಿ! ಗಂಡಸು ಕೂಸು. ತವರುಮನ್ಯಾಗ ಅದಾಳ, ಮಾನ್ವಿ ಕಡಿ. ಮಾನ್ವಿ ದವಾಖಾನ್ಯಾಗ ಹಡದು ಮನಿಗೂ ಬಂದಾಳ. ಕುಂದರ್ರಿ, ಬೆಲ್ಲ ತರ್ತೀನಿ."

"ಎಂದು ಹಡದ್ಲು?"

"ರವಿವಾರ."

"ಎಷ್ಟೊತ್ತಿಗೆ?"

"ಸಂಜಿ ನಾಕಕ್ಕ ಅಂತ. ಯಾಕೋ ಯಪ್ಪಾ, ಜಾತಕ ಬರಿಯಾಂವೇನ್ ನೀ?" ಎಂದು ಅವಳು ನಕ್ಕಳು.

ರವಿವಾರ ನಾಲ್ಕು. ಸೋಮವಾರ ನಾಲ್ಕು, ಮಂಗಳವಾರ ನಾಲ್ಕು, ಬುಧವಾರ ನಾಲ್ಕು. ನಾನು ಬಸ್ಸಿನಲ್ಲಿ ಕೂತಿದ್ದಾಗ ಗಡುವು ಮುಗಿದಿತ್ತು. ಸೋಮವಾರ ಮಧ್ಯಾಹ್ನ ನಾನು ಹಳೆಯ ಫೈಲಿನ ಮೇಲೆ ಹೊಸದನ್ನು ಉಳಿಸುವಾಗ ಕೂಸಿಗೆ ಇನ್ನೂ ಒಂದು ದಿನ ತುಂಬಿರಲಿಲ್ಲ.

ಅವಳು ಬೆಲ್ಲ ತಂದಳು. ತಿಂದೆ.

ಡಾಕ್ಟರಿಗೆ ಫೋನ್ ಮಾಡಿದೆ. ಅವರು ಹೇಳಿದರು: ಹೊತ್ತು ಮೀರಿದೆ, ಆದರೂ ಎಷ್ಟು ಬೇಗ ಹಾಕಿದರೆ ಅಷ್ಟು ಒಳ್ಳೆಯದು, ಇಂಜೆಕ್ಷನ್ ರಾಯಚೂರಿನಲ್ಲಿ ಎರಡು ಕಡೆ ಸಿಕ್ಕಿಲ್ಲ, ಒಬ್ಬ ಡೀಲರ ಫ್ರಿಜ್ಜಿನಲ್ಲಿದೆ, ಬೆಳಿಗ್ಗೆ ಏಳರೊಳಗೆ ಕೊಡುತ್ತಾನೆ. ಆಮೇಲೆ ಅತ್ತೆಯಿಂದ ತವರಿನ ಅಣ್ಣನ ನಂಬರ್ ತೆಗೆದುಕೊಂಡು ಅವನಿಗೆ ಮಾಡಿದೆ.

"ಯಾರ್ರಿ ನೀವು? ರಾಯಚೂರ ಲ್ಯಾಬ್ ಅಂತೀರಿ. ಹ್ವಾದ ತಿಂಗಳ ಒಬ್ಬಾಂವ ಬ್ಯಾಂಕಿನಾಂವ ಅಂದಿದ್ದ. ಈಗ ಓಟಿಪಿ ಹೇಳು ಅಂತೀರೇನ್?"

"ಓಟಿಪಿ ಬ್ಯಾಡಪ್ಪಾ. ನಿನ್ನ ತಂಗಿಗೆ ಒಂದು ಸೂಜಿ ಮಾಡಬೇಕು."

"ನಿಮ್ಮ ಸೂಜಿ ನೀವೇ ಮಾಡ್ಕೊಳ್ರಿ!" ಫೋನ್ ಇಟ್ಟ.

ಅತ್ತೆ ನನ್ನ ಕೈಯಿಂದ ಫೋನ್ ಕಸಿದುಕೊಂಡು ತಾನೇ ಹಚ್ಚಿದಳು. "ಲೇ, ನಾ ಮಾತಾಡಾಕತ್ತೀನಿ. ಇಲ್ಲಿ ನನ್ನ ಮುಂದನ ಕುಂತಾರ, ಮುದುಕ ಮನಷ್ಯಾ, ಬೆವತು ನೀರಾಗ್ಯಾನ. ಕಳ್ಳನಾದ್ರ ಹಿಂಗ ಬೆವರತಾನೇನು?" ಅವನು ತಣ್ಣಗಾದ. ಆದರೂ ಬಾಣಂತಿಯನ್ನು ದೀಪ ಹಚ್ಚುವ ಹೊತ್ತಿನಲ್ಲಿ ಹೊಸ್ತಿಲು ದಾಟಿಸುವುದಿಲ್ಲ, ಮುಂಜಾನೆ ನೀವೇ ಬರ್ರಿ ಎಂದ. ಇಂಜೆಕ್ಷನ್ನೂ ಮುಂಜಾನೆಗೇ ಸಿಗುವುದು. ಆ ರಾತ್ರಿ ಸೆಂಟರಿನವನ ಮನೆಯಲ್ಲಿ ಉಳಿದೆ.

ಗುರುವಾರ ಮೊದಲ ಬಸ್ಸಿಗೆ ಸಿರವಾರದ ಮೇಲೆ ಮಾನ್ವಿಗೆ ಬಂದೆ. ಮೇಡಮ್ ಡಾಕ್ಟರ ಕಾರಿನಲ್ಲಿ, ತೊಡೆಯ ಮೇಲೆ ಐಸ್ ಡಬ್ಬ ಇಟ್ಟುಕೊಂಡು ಬಂದರು. ಅಣ್ಣ ಊರ ಹೊರಗೆ ನಿಂತು, ನಮ್ಮಿಬ್ಬರನ್ನೂ ಕಾರನ್ನೂ ಮೇಲಿಂದ ಕೆಳಗೆ ನೋಡಿ, ಮನೆಗೆ ಕರೆದೊಯ್ದ.

ಬಾಣಂತಿ ಕತ್ತಲೆ ಕೋಣೆಯಲ್ಲಿ ತಲೆಗೆ ಬಟ್ಟೆ ಕಟ್ಟಿಕೊಂಡು ಮಲಗಿದ್ದಳು. ಇಪ್ಪತ್ತೊಂದೋ ಇಪ್ಪತ್ತೆರಡೋ ವಯಸ್ಸು. ಸರಿಯಾದವಳೇ ಎಂದು ಖಾತ್ರಿ ಮಾಡಿಕೊಳ್ಳಲು ನಾನು ಹೆಸರು, ಊರು ಕೇಳಿದೆ. ಆಮೇಲೆ ಅಭ್ಯಾಸದಂತೆ ಕೇಳಿಬಿಟ್ಟೆ. "ನಿನ್ನ ಗಂಡನ ಹೆಸರೇನವ್ವಾ?"

ಅವಳು ನಕ್ಕು ಕೂಸಿನ ಕಡೆ ಮುಖ ತಿರುಗಿಸಿದಳು. ಅವಳ ತಾಯಿ ಬಾಗಿಲಿನಿಂದ ಹೆಸರು ಹೇಳಿದಳು. ಎರಡು ಸೆಕೆಂಡಿನ ಕೆಲಸ.

ಮೇಡಮ್ ಬಿಳಿ ಟೈಲು ತೆಗೆದು ಕಿಟಕಿಯ ಬೆಳಕಿಗೆ ಇಟ್ಟರು. ಬಾಣಂತಿಯ ಬೆರಳಿನಿಂದ ಮೂರು ಹನಿ, ಕೂಸಿನ ಹಿಮ್ಮಡಿಯಿಂದ ಮೂರು ಹನಿ. ಒಂದೊಂದಕ್ಕೆ ನೀಲಿ ಔಷಧ, ಹಳದಿ ಔಷಧ, ಬಣ್ಣವಿಲ್ಲದ ಔಷಧ. ಬಣ್ಣವಿಲ್ಲದ್ದೇ ನೆಗೆಟಿವ್ ಪಾಸಿಟಿವ್ ಹೇಳುವುದು. ಕಡ್ಡಿಯಿಂದ ಕಲಸಿ ಟೈಲನ್ನು ಮೆಲ್ಲಗೆ ತೂಗಿದರು. ಆ ಔಷಧದಲ್ಲಿ ಬಾಣಂತಿಯ ಹನಿ ಹಾಗೇ ನೀರಾಗಿ ಉಳಿಯಿತು. ಕೂಸಿನದು ರವೆಯಂತೆ ಒಡೆದು ಕಟ್ಟಿಕೊಂಡಿತು. ತಾಯಿ ನೆಗೆಟಿವ್, ಕೂಸು ಪಾಸಿಟಿವ್. ಕೂಸೂ ನೆಗೆಟಿವ್ ಆಗಿದ್ದರೆ ಸೂಜಿಯ ಜರೂರೇ ಇರುತ್ತಿರಲಿಲ್ಲ. ಆ ಒಂದು ಆಸೆಯೂ ಟೈಲಿನ ಮೇಲೆ ಮುಗಿಯಿತು.

ಸೂಜಿ ಹಾಕಿದಾಗ ಒಂಬತ್ತು ಗಂಟೆ. ಹೆತ್ತು ಎಂಬತ್ತೊಂಬತ್ತು ತಾಸು.

"ಏನಾಗಿತ್ರಿ?" ಎಂದು ಅವಳ ತಾಯಿ ಕೇಳಿದಳು. ಮೇಡಮ್ ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ. "ಕಂಪ್ಯೂಟರ್ ತಪ್ಪಾಗಿತ್ತವ್ವಾ," ಎಂದು ಅವರೇ ಹೇಳಿದರು. ಎರಡನೆಯ ಸಲ ಅವರು ನನ್ನ ತಪ್ಪನ್ನು ಹೊತ್ತರು.

ಉಳಿದ ಹದಿನೈದು ಜನಕ್ಕೂ ಆ ವಾರವೇ ಹೊಸ ರಿಪೋರ್ಟು ತಲುಪಿತು. ಡಾಕ್ಟರು ಬೇರೆ ಕಂಪನಿಯ ಪ್ರೋಗ್ರಾಂ ತರಿಸಿದರು. ಅದು ಬರುವವರೆಗೆ ನನ್ನದನ್ನು ಸರಿಪಡಿಸಿ ನಡೆಸಲು ಹೇಳಿದರು, ಒಂದು ಷರತ್ತಿನ ಮೇಲೆ. ನಾನು ಬದಲಿಸಿದ್ದನ್ನು ಮೇಡಮ್ ಬೇಕೆಂದೇ ತಪ್ಪು ತಪ್ಪಾಗಿ ತುಂಬಿ, ಖಾಲಿ ಬಿಟ್ಟು, ಒಂದೇ ಹೆಸರು ಎರಡು ಸಲ ಹಾಕಿ ನೋಡಿದ ಮೇಲೆಯೇ ಅದು ಕೆಲಸಕ್ಕೆ ಹೋಗಬೇಕು. ಮೊದಲ ದಿನವೇ ಅವರು ನನ್ನ ಪ್ರೋಗ್ರಾಂನಲ್ಲಿ ಏಳು ತಪ್ಪು ಹಿಡಿದರು. ನಾನು ಬರೆದದ್ದನ್ನು ನಾನೇ ಪರೀಕ್ಷಿಸುವಾಗ, ಅದು ಮುರಿಯದ ದಾರಿಯಲ್ಲೇ ನನ್ನ ಬೆರಳು ಹೋಗುತ್ತಿತ್ತು ಎಂದು ಆಗ ಅರಿವಾಯಿತು.

ತಪ್ಪು ಬಿಟ್ಟು ಮುಂದೆ ಹೋಗು ಎಂಬ ಆ ಸಾಲನ್ನು ತೆಗೆದುಹಾಕಿದೆ. ಡಬ್ಬಿ ಮರಳಿ ಬಂತು. ಆದರೆ ಈಗ ಅದು ಯಾವ ಟ್ಯೂಬು, ಯಾವ ಜಾಗ ಖಾಲಿ, ಏನು ಮಾಡಬೇಕು ಎಂದು ಕನ್ನಡದಲ್ಲಿ ಹೇಳುತ್ತದೆ. ಮೊದಲು ಇಂಗ್ಲಿಷಿನಲ್ಲಿ ಒಂದು ನಂಬರು ಹೇಳುತ್ತಿತ್ತು. ಸೆಂಟರಿನವನಿಗೆ ಅದು ಬೈಗುಳದಂತೆಯೇ ಕೇಳಿದ್ದರೆ ಆಶ್ಚರ್ಯವಿಲ್ಲ. ಹೆಸರುಗಳನ್ನು ಕೂಡಿಸುವುದು ಬಿಟ್ಟು ಟ್ಯೂಬಿನ ನಂಬರನ್ನೇ ಎಲ್ಲಕ್ಕೂ ಗುರುತು ಮಾಡಿದೆ. ರಿಜಿಸ್ಟರಿನಲ್ಲಿ ನಂಬರಿಗೆಂದು ಒಂದು ಕಾಲಂ ಗೆರೆ ಎಳೆದದ್ದಷ್ಟೇ ಖರ್ಚು. ಒಂದು ಅಕ್ಷರ ಬದಲಿಸುವ ಮೊದಲೂ ಫೈಲಿನ ಪ್ರತಿ ತೆಗೆದು ತಾರೀಖು ಹಾಕಿಡುತ್ತೇನೆ, ಯಾಕೆ ಬದಲಿಸಿದೆ ಎಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತೇನೆ. ಇನ್ನೊಂದು ಮಾತು, ಇದನ್ನು ಪುಸ್ತಕಗಳಲ್ಲಿ ನಾನು ಕಂಡಿಲ್ಲ: ತಪ್ಪು ಸಿಕ್ಕಾಗ ಅದನ್ನು ಸರಿಪಡಿಸಲು ಕೂರಬೇಡಿ. ಅದು ಈಗಾಗಲೇ ಯಾರನ್ನು ಮುಟ್ಟಿದೆ ಎಂದು ಮೊದಲು ಪಟ್ಟಿ ಮಾಡಿ, ಎದ್ದು ಹೋಗಿ ಹೇಳಿ. ಪ್ರೋಗ್ರಾಂ ಕಾಯುತ್ತದೆ.

ಸೂಜಿಯ ಔಷಧ ಮೈಯಲ್ಲಿರುವವರೆಗೆ ಫಲ ತಿಳಿಯುವುದಿಲ್ಲ, ವೈರ ಹುಟ್ಟಿದೆಯೋ ಇಲ್ಲವೋ ಎಂದು ಆರು ತಿಂಗಳು ಬಿಟ್ಟು ಒಂದು ಪರೀಕ್ಷೆ ಮಾಡಬೇಕು ಎಂದು ಡಾಕ್ಟರ್ ಹೇಳಿದ್ದರು. ಆರು ತಿಂಗಳ ಮೇಲೆ ಅವಳು ಅತ್ತೆಯೊಂದಿಗೆ ರಾಯಚೂರಿಗೆ ಬಂದಳು. ಕೂಸು ದುಂಡಗಾಗಿತ್ತು, ಕೂತಲ್ಲಿ ಕೂರುತ್ತಿರಲಿಲ್ಲ. ನಾನು ಹೊರಗೆ ಬೆಂಚಿನ ಮೇಲೆ ಕಾದೆ. ಮೇಡಮ್ ಒಂದು ಸಲ ಮಾಡಿ, ಡಾಕ್ಟರನ್ನು ಕರೆದು, ಇನ್ನೊಂದು ಸಲ ಮಾಡಿದರು. ಎರಡನೆಯ ಸಲ ಮಾಡುತ್ತಿದ್ದಾರೆಂದರೆ ಏನರ್ಥ ಎಂದು ನನಗೆ ಆಗಲೇ ತಿಳಿಯಿತು.

ಡಾಕ್ಟರ್ ನನ್ನನ್ನು ಒಳಗೆ ಕರೆದು ಟ್ಯೂಬನ್ನು ಬೆಳಕಿಗೆ ಹಿಡಿದು ತೋರಿಸಿದರು. ತಳದಲ್ಲಿ ಸಣ್ಣ ಸಣ್ಣ ಕಣಗಳು. "ಶುರು ಆಗಿದೆ," ಎಂದರು. "ಹೆಚ್ಚಿಲ್ಲ. ಆದರೆ ಇದೆ. ಮುಂದಿನ ಬಸುರಿನಲ್ಲಿ ಮೊದಲ ತಿಂಗಳಿಂದಲೇ ದೊಡ್ಡ ಆಸ್ಪತ್ರೆಯಲ್ಲಿ ತೋರಿಸಬೇಕು."

"ಗಡುವು ಮೀರಿದ ಆ ಹದಿನೇಳು ತಾಸಿನಿಂದ ಆದದ್ದೇ?"

"ಯಾರೂ ಹೇಳಲಾರರು. ಹೊತ್ತಿಗೆ ಸರಿಯಾಗಿ ಹಾಕಿದರೂ ನೂರಕ್ಕೆ ನೂರು ಅಲ್ಲ." ಅವರು ಟ್ಯೂಬನ್ನು ಸ್ಟ್ಯಾಂಡಿನಲ್ಲಿ ಇಟ್ಟರು. "ಅಲ್ಲ ಅಂತಲೂ ಹೇಳಲಾರೆ."

ಅವರು ಅವಳಿಗೆ ಎಲ್ಲ ವಿವರಿಸಿದ ಮೇಲೆ ನಾನು ಅವಳ ಎದುರಿಗೆ ಕುಳಿತೆ. ಕಂಪ್ಯೂಟರಿನದಲ್ಲ, ನನ್ನ ತಪ್ಪು ಎಂದೆ. ಡಬ್ಬಿಯಿಂದ ಹಿಡಿದು ಎಲ್ಲ ಹೇಳಿದೆ. ಸೋಮವಾರ ಮಧ್ಯಾಹ್ನವೇ ನನಗೆ ತಿಳಿದಿತ್ತು, ಬುಧವಾರದವರೆಗೆ ಬಾಯಿ ಬಿಡಲಿಲ್ಲ, ನಾಚಿಕೆಯಿಂದ ಬಿಡಲಿಲ್ಲ ಎಂದೂ ಹೇಳಿದೆ. ಅತ್ತೆ ಬಾಯಿಗೆ ಸೆರಗು ಹಿಡಿದು ಕೂತಿದ್ದಳು. ಬುಧವಾರ ಎಷ್ಟು ಸಲ ಫೋನ್ ಮಾಡಿದರೂ ಹತ್ತಲಿಲ್ಲ ಎಂದೆ. ಅದನ್ನು ಯಾಕೆ ಹೇಳಿದೆನೋ, ನನ್ನ ಪಾಲನ್ನು ಸ್ವಲ್ಪ ಕಡಿಮೆ ಮಾಡಿಕೊಳ್ಳಲೆಂದೇ ಇರಬೇಕು.

ಅವಳು ಕೂಸನ್ನು ಒಂದು ಮೊಣಕಾಲಿನಿಂದ ಇನ್ನೊಂದಕ್ಕೆ ಬದಲಿಸಿದಳು.

"ಆ ನಂಬರ್ ನಮ್ಮ ಮನಿಯವರದು ಯಪ್ಪಾ. ಬುಧವಾರ ಮುಂಜಾನಿ ಅವರು ಪುಣೇಕ್ಕ ಹ್ವಾದ್ರು, ಕೆಲಸಕ್ಕ. ರೈಲಿನ್ಯಾಗ ಫೋನ್ ಬಂದ್ ಆಗಿತ್ತು," ಎಂದಳು. "ಸೋಮವಾರ ನನ್ನ ಹತ್ತರನ ಇದ್ರು, ಕೂಸು ನೋಡಾಕ ಬಂದಿದ್ರು. ಎಲ್ಲಾರೂ ಫೋನ್ ಮಾಡಿ ಕೇಳಾಕತ್ತಿದ್ರು ಏನ್ ಕೂಸು, ಏನ್ ಕೂಸು ಅಂತ. ದಿನಾ ಪೂರ್ತಿ ಆ ಫೋನ್ ನನ್ನ ಕೈಯಾಗನ ಇತ್ತು."